ಒಂಬತ್ತನೇ ವಾರ

ಸೊಹಾರಿನ ನಮ್ಮ ವಿಶ್ವವಿದ್ಯಾಲಯದಲ್ಲಿ
ಇದು ವರ್ಷದ ಲೆಕ್ಕ ಒಪ್ಪಿಸುವ ತಿಂಗಳು.
ಇನ್ನೂರ ಹದಿನಾಲ್ಕು ಪ್ರಬಂಧ, ಎಲ್ಲವೂ ಅಚ್ಚಾದವು.
ಒಂದೊಂದಕ್ಕೂ ಶೀರ್ಷಿಕೆ, ಸಂಪುಟ, ಪುಟ,
ಲೇಖಕರು ಆರು ಮೀರಿದರೆ 'ಮತ್ತಿತರರು'.
ನಾನು ಗ್ರಂಥಾಲಯದವಳು.
ಓದುವುದು ನನ್ನ ಕೆಲಸವಲ್ಲ, ಸೇರಿಸುವುದು.
ಆದರೂ ಕಣ್ಣು ಕೇಳಬೇಕಲ್ಲ.

ಕೆಳಮಹಡಿಯ ವೈದ್ಯಕೀಯದವರು
ಮೇಲ್ಮಹಡಿಯ ಇಂಜಿನಿಯರಿಂಗ್‌ನವರನ್ನು
ಕಾಣುವುದು ಲಿಫ್ಟಿನಲ್ಲಿ ಮಾತ್ರ.
ವಾಣಿಜ್ಯದವರಿಗೆ ಬೇರೆಯೇ ಕಟ್ಟಡ, ಬೇರೆಯೇ ಕಾಫಿ ಯಂತ್ರ.
ನನ್ನ ಪರದೆಯಲ್ಲಷ್ಟೇ ಮೂವರೂ
ಒಂದೇ ಪಂಕ್ತಿಯಲ್ಲಿ ಕೂತವರು.

ಮುನೀರಾ ಅಲ್ ಬಲೂಷಿ ಮತ್ತಿತರರು:
ಬೇಸಿಗೆಯಲ್ಲಿ ಹೊರಗೆ ದುಡಿಯುವವರ ಮೂತ್ರಪಿಂಡ.
ತೊಂಬತ್ತು ಮಂದಿ, ಹದಿನಾಲ್ಕು ವಾರ,
ವಾರಕ್ಕೊಂದು ಬೆರಳುದ್ದದ ನಳಿಕೆ ರಕ್ತ.
'ಅರವತ್ತಮೂರನೆಯವರು ಒಂಬತ್ತನೇ ವಾರ ಬರಲಿಲ್ಲ.
ಲೆಕ್ಕದಿಂದ ಕೈಬಿಡಲಾಗಿದೆ.'

ತಿಲಕರತ್ನ ಮತ್ತಿತರರು:
ಸೌರಫಲಕದ ಮೇಲೆ ಕೂತ ಧೂಳು.
ಒರೆಸಿದ ಸಾಲು, ಒರೆಸದ ಸಾಲು, ನಡುವೆ ಎಷ್ಟು ವ್ಯಾಟಿನ ಅಂತರ.
ಒಂಬತ್ತನೇ ವಾರ ಒರೆಸಿದ ಸಾಲೂ ಕುಸಿದುಬಿಟ್ಟಿದೆ.
'ಬಹುಶಃ ಮರುಭೂಮಿಯ ಗಾಳಿ' ಎಂದು ಎರಡು ಪ್ಯಾರಾ,
ಜೊತೆಗೆ ಉಪಗ್ರಹ ತೆಗೆದ ಚಿತ್ರ.

ವಾಣಿಜ್ಯದ್ದು, ಊರಿಗೆ ಹಣ ಕಳಿಸುವವರ ಬಗ್ಗೆ.
ಕೋಷ್ಟಕ ನಾಲ್ಕು. ಪುರುಷರು, ನಲವತ್ತರ ಆಸುಪಾಸು,
ತಿಂಗಳು ತಪ್ಪಿಸದವರು.
ಆಗಸ್ಟಿನಲ್ಲಿ ಒಬ್ಬ ತಪ್ಪಿಸಿದ್ದಾನೆ.
'ಹಬ್ಬದ ಖರ್ಚಿರಬಹುದು.'

ಮೂರನ್ನೂ ಸೇರಿಸಿ ಟೀಗೆ ಎದ್ದೆ.

ಹಿಂದಿನ ಮೆಟ್ಟಿಲಲ್ಲಿ ಹಣಮಂತ್ರಾಯ, ಶಹಾಪುರದ ಕಡೆಯವ.
ಅವನ ಕನ್ನಡ ಕಾರವಾರದ ನನ್ನ ಕಿವಿಗೆ ಒಗ್ಗಲು
ಒಂದು ವರ್ಷ ಹಿಡಿದಿತ್ತು.
"ಅಕ್ಕೋರೆ, ಹ್ವಾದ ಬ್ಯಾಸಗ್ಯಾಗ ಮಾಳಿಗಿ ಮ್ಯಾಲ ಗಾಜು ಒರಸ್ತಿದ್ನಲ್ರಿ,
ಅದು ಪುಸ್ತಕದಾಗ ಬಂತೇನ್ರಿ?"
ಬಂತು ಅಂದೆ.
"ನೆತ್ತರಾನೂ ಕೊಟ್ಟೀನ್ರಿ."
ಪರ್ಸಿನಿಂದ ಚೀಟಿ ತೆಗೆದ, ಮಡಿಕೆಯಲ್ಲಿ ಸವೆದದ್ದು:
ಅರವತ್ತಮೂರು.
"ಮತ್ತ ಒಬ್ಬ ಹುಡುಗ ಬಂದು
ಮನಿಗಿ ರೊಕ್ಕ ಎಷ್ಟ್ ಕಳಸ್ತಿ ಅಂತ ಬರಕೊಂಡು ಹ್ವಾದ."

ಟೀ ಕೈಯಲ್ಲೇ ಆರಿತು.
ಆಗಸ್ಟಿನಲ್ಲಿ ಏನಾಗಿತ್ತು, ಕೇಳಿದೆ.

"ಒಂದ್ ವಾರ ಏಳಾಕ ಬರಲಿಲ್ರಿ. ಉಚ್ಚಿ ಕರೀ ಚಹಾದಂಗ.
ರೂಮಿನಾಗ ಮಕ್ಕೊಂಡಿದ್ದೆ, ಪಗಾರ ಹಿಡದ್ರು.
ಡಾಕ್ಟರಮ್ಮಗ ಹೇಳಿದ್ರ ಕೆಲಸಾ ಬಿಡಿಸ್ಯಾರಂತ
ಹೋಗಲೇ ಇಲ್ಲ ನೋಡ್ರಿ."

ಹಾಗಾದರೆ ಗಾಳಿಯಲ್ಲ.
ಹಬ್ಬವೂ ಅಲ್ಲ.
ಮೂತ್ರಪಿಂಡ ಹುಡುಕಿ ಹೊರಟವರಿಗೆ
ಆ ವಾರ ಬೇಕಿದ್ದ ಒಂದೇ ನಳಿಕೆ
ಗೋಡೆಯತ್ತ ಮುಖ ಮಾಡಿ ಮಲಗಿತ್ತು.

ಪರದೆಗೆ ಮರಳಿದೆ. 'ಇದನ್ನೂ ನೋಡಿ' ಎಂಬ ಚೌಕವೊಂದುಂಟು.
ಇಂಜಿನಿಯರಿಂಗಿನ ಧೂಳಿಗೆ ವೈದ್ಯಕೀಯದ ರಕ್ತ ಜೋಡಿಸಿದೆ.
ಕೆಂಪು ಗೆರೆ ಬಂತು:
ಬೇರೆ ವಿಭಾಗದ ದಾಖಲೆ ಸೇರಿಸಲಾಗದು.
ಇನ್ನೊಮ್ಮೆ ಒತ್ತಿದೆ, ಸುಮ್ಮನೆ.

ಸಂಜೆ ಹಣಮಂತ್ರಾಯ ಬಾಗಿಲಲ್ಲಿ ನಿಂತ.
"ಯಾರ ಮುಂದೂ ಅನಬ್ಯಾಡ್ರಿ. ಈಗ ಆರಾಮದೀನಿ."
ಒಮ್ಮೆ ತಪಾಸಣೆಗೆ ಹೋಗು ಮಾರಾಯ, ಅಂದೆ.
ಹೂಂ ಅಂದ, ಹೋಗದವರು ಅನ್ನುವ ಹಾಗೆ.
"ನನ್ನ ಹೆಸರು ಎಲ್ಲ್ಯರ ಬಂದೈತೇನ್ರಿ?"
ಹೆಸರು ಮುಚ್ಚಿಡುವುದು ನಿಯಮ, ನಿನ್ನ ಒಳ್ಳೆಯದಕ್ಕೇ, ಅಂದೆ.
ಸುತ್ತೋಲೆ ಓದಿದಂತೆ ನನಗೇ ಕೇಳಿಸಿತು.

ಅವನಿಗಾಗಿ ಒಂದು ಪುಟ ಮುದ್ರಿಸಿದೆ, ನಕ್ಷೆ ಇರುವ ಪುಟ.
ಗೆರೆ ಏರುತ್ತಾ ಬಂದು ತಟ್ಟನೆ ಬೀಳುವ ಜಾಗದಲ್ಲಿ
ಹೆಬ್ಬೆರಳು ಊರಿದ.
"ಇದು ನಾನು ಹೌದಲ್ರಿ?"
ಹೌದು.
"ಎಷ್ಟ್ ಕರೆಂಟ್ ಕಮ್ಮಿ ಆತ್ರಿ ಆವಾಗ?"
ನೂರಕ್ಕೆ ಹದಿನೆಂಟು.

ಬಾಯಲ್ಲೇ ಇನ್ನೊಮ್ಮೆ ಎಣಿಸಿದ, ಹದಿನೆಂಟು.
"ಸಣ್ಣದೇನಲ್ಲ ಬಿಡ್ರಿ" ಅಂದ.
ಹಾಳೆಯನ್ನು ಎಂಟು ಮಡಿಕೆ ಮಾಡಿ
ಅರವತ್ತಮೂರರ ಜೊತೆಗೆ ಇಟ್ಟುಕೊಂಡ.