ಪೊಟ್ಟಣದ ಬೆನ್ನು

ಬೆಳಿಗ್ಗೆ ಹತ್ತು ಗಂಟೆಗೆ ನಾಲ್ಕನೆಯ ಬಟ್ಟಲು.
ಬೆರಿಲ್ ಕಣ್ಣು ಮುಚ್ಚಿಕೊಂಡು ಅಗಿಯುತ್ತಾಳೆ,
ನಾನು ತೆರೆದುಕೊಂಡೇ.
ನುಂಗುವಂತಿಲ್ಲ ಇಲ್ಲಿ. ಅಗಿ, ನಾಲಿಗೆಯ ಮೇಲೆ ಹೊರಳಿಸು,
ಕಾಗದದ ಲೋಟಕ್ಕೆ ಉಗುಳು,
ಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ ಅಂಕ ಬರೆ:
ಗರಿಗರಿಗೆ ಏಳು, ಹುಳಿಗೆ ಒಂಬತ್ತು,
ಕೊನೆಗೆ ಬಾಯಲ್ಲಿ ಉಳಿಯುವುದಕ್ಕೆ, ಇರಲಿ, ಆರೂವರೆ.

ಹತ್ತೊಂಬತ್ತು ವರ್ಷ ಇದೇ ಮೇಜು,
ಗ್ರಿಮ್ಸ್‌ಬಿಯ ಇದೇ ತಗಡಿನ ಮಾಡು.
ಲಿಂಕನ್‌ಶೈರಿನ ಹೊಲದಿಂದ ಆಲೂಗಡ್ಡೆ
ಲಾರಿಗಟ್ಟಲೆ ಬಂದು, ಮಣ್ಣು ತೊಳೆಸಿಕೊಂಡು, ಸಿಪ್ಪೆ ಕಳಚಿ,
ಬೆಳಕು ತೂರುವಷ್ಟು ತೆಳ್ಳಗಾಗಿ
ಕಾದ ಎಣ್ಣೆಗೆ ಬೀಳುವಾಗ
ಗೋಡೆಯಾಚೆ ಯಾರೋ ನೂರು ಜನ ಚಪ್ಪಾಳೆ ತಟ್ಟಿದ ಹಾಗೆ.
ಯಾರಿಗೋ ಏನೋ.

ಒಂದು ಗುಟ್ಟು ಹೇಳಲೆ?
ಸಿಗಡಿ ರುಚಿಯದರಲ್ಲಿ ಸಿಗಡಿ ಇಲ್ಲ.
ಹೊಗೆಹಾಕಿದ ಹಂದಿಮಾಂಸದ ರುಚಿಗೆ
ಯಾವ ಹಂದಿಯೂ ಸತ್ತಿಲ್ಲ.
ಸಕ್ಕರೆ, ಟೊಮೆಟೊ ಪುಡಿ, ಈರುಳ್ಳಿ ಪುಡಿ, ಯೀಸ್ಟು, ನಿಂಬೆಹುಳಿ.
ಚಿಟಿಕೆ ಹೆಚ್ಚಾದರೆ ಹುರಿದ ಕೋಳಿ,
ಕಮ್ಮಿಯಾದರೆ ಬರೀ ಭಾನುವಾರ.

ನೆವಿಲ್‌ಗೆ ಇದೆಲ್ಲ ತಮಾಷೆ.
ಹದಿನಾರಕ್ಕೇ ಮೀನುಕಟ್ಟೆಯಲ್ಲಿ ಮಂಜುಗಡ್ಡೆ ಎಳೆದವನು,
ನಿಜದ ಸಿಗಡಿಯ ವಾಸನೆಯನ್ನು ಉಗುರಿಂದ ಉಜ್ಜಿ ಉಜ್ಜಿ
ಅರ್ಧ ದಾಂಪತ್ಯ ಸವೆಸಿದವನು,
ಪೊಟ್ಟಣ ಹರಿದು ಮೂಗಿಟ್ಟು ನಗುತ್ತಿದ್ದ:
‘ಸಮುದ್ರವನ್ನೇ ನೋಡದ ಸಮುದ್ರ ಕಣೇ ಇದು.’
ಆಮೇಲೆ ಒಂದೂ ಬಿಡದೆ ತಿಂದು,
ತಲೆಕೆಳಗು ಮಾಡಿ ಚೂರುಪಾರು ಬಾಯಿಗೆ ಸುರಿದುಕೊಂಡು,
ಬೆರಳು ನೆಕ್ಕುತ್ತಿದ್ದ.
ಹೆಬ್ಬೆರಳು ಯಾವಾಗಲೂ ಕೊನೆಗೆ.

ಈಗ ಮಂಗಳವಾರ, ಗುರುವಾರ, ಶನಿವಾರ
ಅವನ ರಕ್ತ ಯಂತ್ರದೊಳಗೆ ಹೋಗಿ ಬರುತ್ತದೆ.
ಪಥ್ಯ ಹೇಳುವ ಹುಡುಗಿ ಅಡಾಓರಾ
ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾಳೆ:
ಬಾಳೆಹಣ್ಣು ಬೇಡ, ಟೊಮೆಟೊ ಬೇಡ,
ಆಲೂಗಡ್ಡೆ ಬೇಕೇ ಬೇಕಾದರೆ ಎರಡು ಸಲ ಬೇಯಿಸಿ
ನೀರು ಚೆಲ್ಲಿ. ಚಿಪ್ಸು...
ಅಷ್ಟರಲ್ಲಿ ನನ್ನ ಕೋಟಿನ ಮೇಲಿದ್ದ ಕಂಪನಿಯ ಹೆಸರು ಕಂಡು
ಮಾತು ನಿಲ್ಲಿಸಿದಳು, ಪಾಪ.
ನೀರು ದಿನಕ್ಕೆ ಮುಕ್ಕಾಲು ಲೀಟರು, ಚಹಾವೂ ಸೇರಿ.
ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ನೀರೇ ಕುಡಿಯುವಂತಿಲ್ಲದವನು?

ಅವತ್ತು ರಾತ್ರಿ, ನಾಚಿಕೆಯ ಮಾತು,
ಮೊದಲ ಸಲ ಪೊಟ್ಟಣದ ಬೆನ್ನು ಓದಿದೆ.
ಇಷ್ಟು ವರ್ಷ ಮುಖ ನೋಡಿಯೇ ಸಂಬಳ ತಗೊಂಡಿದ್ದೆ.
ಇಪ್ಪತ್ತೈದು ಗ್ರಾಮಿಗೆ ನೂರಮೂವತ್ತು ಕ್ಯಾಲರಿ,
ಕೊಬ್ಬು ಎಂಟು, ಪ್ರೋಟೀನು ಒಂದೂವರೆ,
ನಾರು ಒಂದು, ಉಪ್ಪು ಗ್ರಾಮಿನ ಮೂರನೇ ಒಂದು ಪಾಲು.
ಅವನನ್ನು ಕೊಲ್ಲಬಲ್ಲ ಪೊಟಾಸಿಯಂ ಅದರಲ್ಲಿ ಬರೆದೇ ಇಲ್ಲ.
ಗರಿಗರಿಗೆ ಒಂದು ಸಾಲಿಲ್ಲ.
ಹೆಬ್ಬೆರಳಿಗೂ ಇಲ್ಲ.

ಕೆಲಸ ಬಿಡುವಾಗ ಕೈತೊಳೆಯಬೇಕೆಂದು ನಿಯಮ.
ಸೋಪಿನ ಮುಂದೆ ಹಾದು ಹೋಗುತ್ತೇನೆ,
ಬಸ್ಸಿನಲ್ಲಿ ಕೈಗವಸು ಹಾಕುವುದಿಲ್ಲ, ಎಷ್ಟೇ ಚಳಿಯಿರಲಿ.

ಗುರುವಾರ ಸಂಜೆ ಬೂದಿಬಣ್ಣದ ಮುಖ ಹೊತ್ತು ಬಂದು
ಕುರ್ಚಿಯಲ್ಲಿ ಕುಸಿಯುತ್ತಾನೆ.
‘ಇವತ್ತು ಏನು ಬಂತು?’
ಬೆರಳು ಚಾಚುತ್ತೇನೆ, ಅವನು ಮೂಗು ತರುತ್ತಾನೆ.
ಕಣ್ಣು ಮುಚ್ಚಿಕೊಂಡು, ಬೆರಿಲ್ ಹಾಗೆ.
‘ವಿನೆಗರ್. ಎಷ್ಟು ಕೊಟ್ಟೆ?’
‘ಒಂಬತ್ತು.’
‘ಎಂಟೇ ಜಾಸ್ತಿಯಾಯಿತು.’

ಮರುದಿನ ಹೋಗಿ ತಿದ್ದಿದೆ.
ಬೆರಿಲ್ ನೋಡಿದಳು, ಏನೂ ಕೇಳಲಿಲ್ಲ,
ಐದನೆಯ ಬಟ್ಟಲನ್ನು ನನ್ನತ್ತ ಸರಿಸಿದಳು.