ಎಣ್ಣಿ ಸುಮ್ಮನಾಗೂ ತನಕ

ಹದಿಮೂರನೇ ಕಾಟಿನ ಫಕ್ಕೀರವ್ವ
ಎಚ್ಚರಾದ ಕೂಡಲೇ ಕೇಳಿದ್ದು
ಗಂಡನ್ನಲ್ಲ, ನೀರನ್ನಲ್ಲ:
"ಗಾರಿಗಿ ಎಷ್ಟ ಉಳದಾವ?"

ಶೀಗಿ ಹುಣ್ಣಿವಿ ಮುಂಜಾನೆ
ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಟಂಟಂನ್ಯಾಗ ತಂದಿದ್ದರು.
ಬಲಗೈ ಮೊಣಕೈ ತನಕ, ಕೊರಳು ಒಂದು ಕಡೆ.
ಮ್ಯಾಲ ಅರಿಷಿಣ, ಅದರ ಮ್ಯಾಲ ಟೂಥ್‌ಪೇಸ್ಟು,
ಅದರ ಮ್ಯಾಲ ಯಾರೋ ಪುಣ್ಯಾತ್ಮರು ಶಾಯಿ.
ಎಲ್ಲಾ ತೊಳದು ತೆಗಿಯೂದಕ್ಕ ನನಗ ಒಂದು ತಾಸು.
ಅದರಾಗ ಅರ್ಧ ತಾಸು
ಅವತ್ತ ನಳದ ಕೆಳಗ ಕೈ ಹಿಡದಿದ್ದರ...
ಅನ್ನಲಿಲ್ಲ. ಅನ್ನೂ ಹೊತ್ತಲ್ಲ ಅದು.

ಈ ವಾರ್ಡಿನ್ಯಾಗ ನಾನು ಹನ್ನೊಂದು ವರ್ಷದ ನರ್ಸು.
ಮನ್ಯಾಗ ಹನ್ನೊಂದು ವರ್ಷ ಬಾಣಲಿ ಇಟ್ಟಿಲ್ಲ.
ಹಬ್ಬಕ್ಕ ಅಂಗಡಿ ಡಬ್ಬಿ.
ಅತ್ತಿ ಮುಖಾ ಗಂಟು.

ರಾತ್ರಿ ಪಾಳಿ. ಆಕಿಗೂ ನಿದ್ದಿಲ್ಲ.
"ನಲವತ್ತು ವರ್ಷ ಕರದೀನಿ ಸಿಸ್ಟರಕ್ಕಾ.
ಒಂದು ದಿನ ಫೋನ್ ಬಂತು."
ಅಷ್ಟ ಕಥಿ.
ಹೊಳ್ಳಿ ಬಂದಾಗ ಎಣ್ಣಿ ಹೊಗಿಯಾಗಿ,
ಹೊಗಿ ಉರಿಯಾಗಿ ನಿಂತಿತ್ತು.
ಮೊಮ್ಮಗ ಪರ್ವತ, ಗಾಬರಿಗೆ, ಒಂದು ತಂಬಿಗಿ ನೀರು...

ತಂಬಿಗಿ ಅಂದಾಗ ಕಣ್ಣು ಮುಚ್ಚಿದಳು.
"ಅವಗ ಯಾರೂ ಬೈಬ್ಯಾಡ್ರಿ.
ಉಪ್ಪು ಹೇಳೀನಿ, ಬೆಲ್ಲ ಹೇಳೀನಿ,
ಮುಚ್ಚಳ ಹೇಳಿರಲಿಲ್ಲ ನಾನು."

ಆಮ್ಯಾಲ, "ಬರಕೋ" ಅಂದಳು.
ಹಳೇ ಚಾರ್ಟಿನ ಬೆನ್ನಿಗೆ ಬರಕೊಂಡೆ:

ಸಿಹಿ ಕುಂಬಳ ಹೆರದು ಬೆಲ್ಲದಾಗ ಕುದಸು.
ಆರಲಿ. ಅವಸರ ಮಾಡಿದರ ಹಸಿ ಉಳಿತೈತಿ,
ಹಸಿ ಉಳದರ ಬಾಣಲ್ಯಾಗ ಸಿಡಿತೈತಿ,
ಹೊಟ್ಟ್ಯಾಗ ಮಾತು ಇಟಗೊಂಡ ಸೊಸಿ ಹಂಗ.
ಗೋದಿ ಹಿಟ್ಟು, ಹಿಡಿಯೂವಷ್ಟು. ಮ್ಯಾಲ ಗಸಗಸಿ.
ಎಣ್ಣಿ ಅರ್ಧ ಬಾಣಲಿ. ತುಂಬ್ಯಾಡೂದು ಯಾವುದೂ ಚಲೋ ಅಲ್ಲ.
ಸೆರಗು ಸೊಂಟಕ್ಕ, ನೈಲಾನ್ ಸೀರಿ ಪೆಟ್ಟಿಗ್ಯಾಗ,
ಕೂಸುಗಳು ಹೊಸ್ತಿಲ ಆಚೆ.
ಕೈ ಒರಸಕೋ. ಇನ್ನೊಮ್ಮೆ ಒರಸಕೋ.
ಸಾಸಿವಿಯಷ್ಟು ಹಿಟ್ಟು ಬಿಟ್ಟು ನೋಡು:
ತಳಕ್ಕ ಕುಂತರ ಕಾಯಿ,
ಬಿದ್ದ ಕೂಡಲೇ ಕರಕಾದರ ಉರಿ ಇಳಸು,
ಸಾವಕಾಶ ತೇಲಿ ಬಂದರ ಅದs ಹದ.
ಮ್ಯಾಲಿಂದ ಒಗಿಬ್ಯಾಡ. ಅಂಚಿನ್ಯಾಗ ಜಾರಸು,
ತೊಡಿ ಮ್ಯಾಲ ನಿದ್ದಿ ಹೋದ ಕೂಸಿನ ತಲಿ
ಹಾಸಿಗಿಗೆ ಇಳಿಸಿದಂಗ.
ಮೊದಲಿಗೆ ಎಣ್ಣಿ ಜೋರ ಮಾತಾಡತೈತಿ.
ಅದು ಸುಮ್ಮನಾಗೂ ತನಕ
ಝಾರಿ ಹಿಡಕೊಂಡು ಅಲ್ಲೇ ನಿಲ್ಲು,
ದೇವರು ಬಂದು ಬಾಗಲಾ ಬಡದರೂ.

"ಮುಚ್ಚಳ?" ಅಂದೆ.
"ಅದನ್ನ ಮೊದಲನೇ ಸಾಲಿಗೆ ಬರಿ."
ಜಾಗ ಇರಲಿಲ್ಲ. ತಾರೀಖಿನ ಮ್ಯಾಲ ಬರದೆ.

ಐತವಾರ, ಹಳೇ ಹುಬ್ಬಳ್ಳಿ, ನನ್ನ ಗ್ಯಾಸಿನ ಕಟ್ಟಿ.
ಬಲಗಡೆ ಬಾಣಲಿಗಿಂತ ದೊಡ್ಡ ಮುಚ್ಚಳ.
ಅತ್ತಿ ಬಾಗಲದಾಗ ನಿಂತರು, ಏನೂ ಅನ್ನಲಿಲ್ಲ.
ಮೊದಲನೇದು ಒಡೀತು. ಎರಡನೇದೂ.
ಮೂರನೇದು ತೇಲೂವಾಗ ಫೋನ್ ಬಂತು.
ಗಾರಿಗಿ ತಗದೆ, ಗ್ಯಾಸ್ ಆರಿಸಿದೆ, ಆಮ್ಯಾಲ ಎತ್ತಿದೆ.
ರಾಂಗ್ ನಂಬರ್.
ಕೈ ನಡಗೂದು ನಿಂತ ಮ್ಯಾಲ ಮತ್ತ ಹಚ್ಚಿದೆ.

ಮರುದಿನ ವಾರ್ಡಿಗೆ ಒಯ್ದೆ, ಚಟಾಕು ಡಬ್ಬಿಯೊಳಗ ಐದು.
ಎಡಗೈಲೆ ಮುರದು ಬಾಯಿಗೆ ಹಾಕ್ಕೊಂಡಳು.
"ಬೆಲ್ಲ ಹೆಚ್ಚಾತು. ಕಪ್ಪಾಗ್ಯಾವ ನೋಡು."
ಆದರೂ ಎರಡನೇದು ತಗೊಂಡಳು.

ಕಿಟಕಿ ಕಡೆ ಮುಖಾ ಮಾಡಿ ನಿಂತಿದ್ದ ಪರ್ವತ,
ನಾಕು ದಿನದಿಂದ ಕಾಟಿನ ಹತ್ತರ ಬಂದಿರಲಿಲ್ಲ.
"ಏ, ಬಾ ಇಲ್ಲೆ. ಉರಿ ಹತ್ತಿದರ ಏನು ಮಾಡ್ತಿ?"
"ಗ್ಯಾಸ್ ಬಂದ್... ಮುಚ್ಚಳ..." ಗಂಟಲು ಕಟ್ಟಿತ್ತು.
"ನೀರು?"
ತಲಿ ಅಲ್ಲಾಡಿಸಿದ.
"ಮುಚ್ಚಳ ಯಾವ ಕಡೆ ಇಡ್ತಿ?"
"ಬಲಗಡೆ, ಅವ್ವಾ."

ಫಕ್ಕೀರವ್ವ ತನ್ನ ಪಟ್ಟಿ ಸುತ್ತಿದ ಕೈ ನೋಡಿಕೊಂಡಳು,
ಯಾರದೋ ಕೈ ನೋಡಿದಂಗ.
"ಇನ್ನ ಮುಂದ ಎಡಗಡೆ ಇಡು," ಅಂದಳು,
"ದೀಪಾವಳಿಗೆ."