ಉಗುರಗಲ

ನಮ್ಮ ಆಟದ ಮುಖಚಿತ್ರದಲ್ಲಿ ಮೊದಲು ಎಲ್ಲ ಇತ್ತು:
ಕೆರೆ, ಚಂದ್ರ, ಕೊನೇ ಬಸ್ಸು, ಹನ್ನೊಂದು ಜನ,
ಕಂಡಕ್ಟರನ ಕಿವಿಮೇಲಿನ ಪೆನ್ನು ಕೂಡ.
ಆನ್‌ಲೈನ್ ಅಂಗಡಿಯ ಸಾಲಿನಲ್ಲಿ
ಉಗುರಗಲ ಮಾಡಿ ನೋಡಿದೆ:
ಚೆಲ್ಲಿದ ಚಿತ್ರಾನ್ನ.

ಶಿವಾಜಿನಗರದಲ್ಲಿ ಬಸ್ಸಿನ ಬೋರ್ಡು ಬರೆಯುತ್ತಿದ್ದ ಮುನೀರ್ ಸಾಬರು
ಫೋನನ್ನು ತೋಳುದ್ದ ಹಿಡಿದು ಕಣ್ಣು ಕಿರಿದು ಮಾಡಿದರು.
"ಓಡಿ ಬರೋನಿಗೆ ನಂಬರ್ ಕಾಣ್ಬೇಕಮ್ಮ.
ಮಿಕ್ಕಿದ್ದೆಲ್ಲ ಹತ್ತಿದ ಮೇಲೆ."

ರಾತ್ರಿ ಅಳಿಸುತ್ತ ಕೂತೆ.
ಎರಡು ವಾರ ಬರೆದ ಚಂದ್ರ ಹೋದ.
ಕೆರೆ ಮುಚ್ಚಿದೆ,
ಈ ಊರಿಗೆ ಅದೇನು ಹೊಸದಲ್ಲ.
ಹತ್ತು ಜನ ಇಳಿದರು.
ಉಳಿದದ್ದು ಕತ್ತಲು, ಒಂದು ಹಳದಿ ಕಿಟಕಿ,
ಗಾಜಿಗೊತ್ತಿದ ಅಂಗೈ.

ಕೋಡು ಬರೆದ ಯತಿರಾಜ ಮುಖ ಸಣ್ಣದು ಮಾಡಿದ:
"ನನ್ನ ಕೆರೆ?"
"ಒಳಗಿದೆ."
ಕಾಫಿ ಆರಿತು.
ಆಮೇಲೆ, ಪರದೆಯಿಂದ ಕಣ್ಣು ಕೀಳದೆ,
"ಇದು ಯಾರ ಕೈ?"